ಚಹಾದಲ್ಲಿ ಮಿಂದ ಮಂಜುಷಾ

ಸುಮಂತನ ಬಾಳು ಕೆಟ್ಟದ್ದು ಒಂದು ತಟ್ಟೆ ಚಹಾದಿಂದ.

ಕಾಗದಕ್ಕೆ ಕೈಯಿಂದಲೇ ಮದ್ದು ಬಳಿದು, ಬಿಸಿಲಿಗೆ ಒಡ್ಡಿ ಚಿತ್ರ ಮೂಡಿಸುವ ಹಳೆಯ ಕಾಲದ ಫೋಟೊ ಕಸುಬು ಅವನದು. ಕಲಬುರಗಿಯಲ್ಲಿ ಬಿಸಿಲಿಗೇನು ಬರ? ಕೆಂಪು ಬಾಳೆಯ ಚಿತ್ರ ತೆಗೆಯಲು ಕಮಲಾಪುರದ ಹಣಮಂತರಾಯರ ತೋಟಕ್ಕೆ ಹೋದವನು, ಅವರ ಮಗಳು ಮಂಜುಷಾಳ ಚಿತ್ರವನ್ನೂ ತೆಗೆದಿದ್ದ. ಅವಳು ತೀರಿಹೋದ ಅಜ್ಜಿಯ ಇಳಕಲ್ ಸೀರೆಯನ್ನು ಪೆಟ್ಟಿಗೆಯಿಂದ ಕದ್ದು ಉಟ್ಟು ಬಂದಿದ್ದಳು. "ಛಲೋ ಬಂದ್ರ ನನಗೊಂದು ಕೊಡ್ರಿ" ಅಂದಿದ್ದಳು. ಅಷ್ಟಕ್ಕೇ ಸುಮಂತ ಮನಸ್ಸಿನಲ್ಲಿ ಮದುವೆಯ ಹಂದರ ಹಾಕಿಬಿಟ್ಟ.

ನಾಳೆ ಅವಳನ್ನು ನೋಡಲು ಬೀದರಿನ ವರ ಬರುವವನಿದ್ದ. ಇವತ್ತೇ ಚಿತ್ರ ಕೊಟ್ಟು ಮನಸ್ಸು ಬಿಚ್ಚಬೇಕು. ನೀಲಿಯಾಗಿ ಮೂಡಿದ ಚಿತ್ರಕ್ಕೆ ತುಸು ಕಂದು ಬರಲೆಂದು ತಿಳಿ ಚಹಾದಲ್ಲಿ ಅದ್ದಿಟ್ಟ. ಮನೆಯೊಡತಿ ಸಕ್ಕೂಬಾಯಿ ಮಾಳಿಗೆ ಹತ್ತಿ ಬಂದಳು.

"ಏನೋ ಸುಮಂತಾ, ಹುಡುಗೀಗ ಜಳಕ ಮಾಡ್ಸಾಕತ್ತೀಯೇನು?"

"ಬಣ್ಣ ಹತ್ಲಿ ಅಂತ ಚಹಾದಾಗ ಇಟ್ಟೀನ್ರಿ ಮೌಶಿ."

"ಇದಕ್ಕ ಚಹಾ ಅಂತಾರೇನೋ? ಬಾಯಿ ಮುಕ್ಕಳಿಸಿದ ನೀರು ಇದ್ದಂಗದ!"

ಅವನು ದಾಡಿ ಮಾಡಿಕೊಂಡು ಬರುವಷ್ಟರಲ್ಲಿ ಆ ಪುಣ್ಯಾತಗಿತ್ತಿ, ಮುಂಜಾನೆಯಿಂದ ಕುದ್ದು ಕಪ್ಪಾದ ಚಹಾವನ್ನು ಚರಟದ ಸಮೇತ ತಟ್ಟೆಗೆ ಸುರಿದಿದ್ದಳು. ಮಂಜುಷಾ ಒಮ್ಮೆಲೇ ನಿಜಾಮನ ಕಾಲಕ್ಕೆ ಹೋಗಿ ನಿಂತಿದ್ದಳು.

"ಈಗ ನೋಡು, ಹ್ಯಾಂಗ ಖಡಕ್ ಆಗ್ಯಾಳ!"

ಮತ್ತೊಂದು ಮಾಡಲು ಹೊತ್ತಿರಲಿಲ್ಲ. ಬಸ್ಸಿನಲ್ಲಿ ಪಕ್ಕದ ಮುದುಕ ತನ್ನ ಗಂಟನ್ನು ಚಿತ್ರದ ಮೇಲಿಟ್ಟು ಗೊರಕೆ ಹೊಡೆದ. ಕಮಲಾಪುರದಲ್ಲಿ ಇಳಿದಾಗ ಅಂಚು ಹರಿದು, ನಡುವೆ ಮಡಿಕೆ ಬಿದ್ದು, ಮಂಜುಷಾಳ ವಯಸ್ಸು ಇನ್ನಷ್ಟು ಏರಿತ್ತು.

ಬಾಗಿಲು ತೆರೆದವರು ಹಣಮಂತರಾಯರು. ಏನೋ ನೋಡೋಣವೆಂದು ಚಿತ್ರ ಇಸಿದುಕೊಂಡವರು, ಸೆರಗಿನ ಮೇಲೆ ಬೆರಳಾಡಿಸುತ್ತ ಅಲ್ಲೇ ಕೂತರು.

"ಅವ್ವಾ! ಈ ಸೆರಗಿನ ಕಸೂತಿ ಅಕೀನ ಹಾಕಿದ್ದು. ನಾ ತೊಟ್ಟಿಲದಾಗ ಇದ್ದಾಗ ಹೋದಾಕಿ. ಮುಖಾ ಹ್ಯಾಂಗಿತ್ತಂತ ಸುದ್ದಾ ಗೊತ್ತಿರಲಿಲ್ಲ… ಎಲ್ಲಿ ಸಿಕ್ಕಳಪಾ ನಿನಗ?"

"ಅಲ್ರೀ, ಇದು…"

ಆಗಲೇ ಹೇಳಬೇಕಿತ್ತು. ಆ ಒಂದು ಉಸಿರಿನ ಹೊತ್ತನ್ನು ಅವನು ಆಮೇಲೆ ಎಷ್ಟು ಸಲ ನೆನೆದು ಮರುಗಿದನೋ! ಆದರೆ ತಲೆ ನರೆತ ಮನುಷ್ಯ ಹಾಲಿಗೆ ಅಳುವ ಕೂಸಿನಂತೆ ಬಿಕ್ಕುತ್ತಿದ್ದರು. ಅಂಥವರ ಕೈಯಿಂದ ತಾಯಿಯನ್ನು ಕಸಿಯುವುದು ಹೇಗೆ?

ಹಣಮಂತರಾಯರು ಎದ್ದು ಚಿತ್ರಕ್ಕೆ ಕುಂಕುಮ ಹಚ್ಚಿ ದೇವರ ಗೂಡಿನಲ್ಲಿಟ್ಟರು. ಒಳಗಿನಿಂದ ಬಂದ ಮಂಜುಷಾ, ಗೂಡಿನಲ್ಲಿ ಕೂತ ತನ್ನನ್ನೇ ತಾನು ನೋಡಿದಳು. ಅಪ್ಪನನ್ನು ನೋಡಿದಳು. ಸುಮಂತನತ್ತ ತಿರುಗಿ ಮೆಲ್ಲಗೆ ತುಟಿಯ ಮೇಲೆ ಬೆರಳಿಟ್ಟಳು. ಅವನಿಗೆ ಅವಳ ಮೇಲೆ ಮೊದಲಿಗಿಂತ ಹೆಚ್ಚು ಪ್ರೀತಿ ಉಕ್ಕಿತು.

ಹಣಮಂತರಾಯರು ಅವನನ್ನು ಬಿಗಿಯಾಗಿ ಅಪ್ಪಿಕೊಂಡರು. "ನಮ್ಮವ್ವನ್ನ ಮನೀಗ ಕರಕೊಂಡು ಬಂದಿ. ಇವತ್ತಿನಿಂದ ನೀ ಅಕಿ ಮಗ, ನನ್ನ ತಮ್ಮ. ಮಂಜೂ, ಬಾರವಾ, ಕಾಕಾಗ ನಮಸ್ಕಾರ ಮಾಡು!"

ಕಾಕಾ! ಮಾಮಾ ಅಂದಿದ್ದರೂ ನಡೆಯುತ್ತಿತ್ತು. ಸೋದರಮಾವನಿಗೆ ಹೆಣ್ಣು ಕೇಳುವ ಹಕ್ಕಾದರೂ ಉಂಟು. ಅಪ್ಪನ ತಮ್ಮನಿಗೆ?

ಮಂಜುಷಾ ಬಗ್ಗಿ ಕಾಲು ಮುಟ್ಟಿದಳು. ಏಳಲು ತುಸು ತಡಮಾಡಿದಳು.

"ಗರ ಬಡದವರಂಗ ಯಾಕ ನಿಂತೀಯೋ ತಮ್ಮಾ? ಬಾಯಿ ತುಂಬ ಹರಸು!"

"ಛಲೋ ಗಂಡ ಸಿಗ್ಲಿ, ಮಗಳ," ಅಂದ ಸುಮಂತ ಕಾಕಾ.