ನನ್ನ ಪಿಎಚ್‌.ಡಿ.ಗೆ ಬೇಕಾದ ಕುರಿರಕ್ತ

ಎಂಬತ್ತರ ದಶಕದ ಮೊದಲಲ್ಲಿ ನಾನು ಬೆಂಗಳೂರಿನಲ್ಲಿ ಪಿಎಚ್‌.ಡಿ. ಮಾಡುತ್ತಿದ್ದೆ. ಪ್ರೋಟೀನನ್ನು ಹರಳುಗಟ್ಟಿಸಿ, ಆ ಹರಳಿನ ಮೇಲೆ ಎಕ್ಸ್‌-ರೇ ಹಾಯಿಸಿ, ಒಳಗೆ ಅಣುಗಳು ಹೇಗೆ ಕೂತಿವೆ ಎಂದು ಪತ್ತೆ ಹಚ್ಚುವ ವಿದ್ಯೆ. ನನ್ನ ಪಾಲಿಗೆ ಬಂದದ್ದು ಕುರಿಯ ಹಿಮೋಗ್ಲೋಬಿನ್, ಅಂದರೆ ರಕ್ತಕ್ಕೆ ಕೆಂಪು ಬಣ್ಣ ಕೊಡುವ ಪ್ರೋಟೀನು. ವರ್ಷವಾದರೂ ಒಂದು ಹರಳೂ ಹುಟ್ಟಲಿಲ್ಲ. ಪೇಟೆಯಿಂದ ತರುವ ರಕ್ತ ತಾಜಾ ಇಲ್ಲ, ಇನ್ನೊಂದು ಸಲ ನೋಡೋಣ, ಆಗದಿದ್ದರೆ ವಿಷಯವನ್ನೇ ಬದಲಿಸೋಣ ಎಂದರು ನಮ್ಮ ಗೈಡು.

"ಸರ್, ನಾನು ಕುರುಬರ ಮನೆ ಹುಡುಗಿ. ಬರಗೂರಿನಲ್ಲಿ ನಮ್ಮ ಚಿಕ್ಕಪ್ಪನಿಗೆ ಒಂದು ಮಂದೆ ಕುರಿ ಇದೆ" ಎಂದೆ ಗತ್ತಿನಿಂದ. ನಾನು ಮೇಷ್ಟರ ಮಗಳಾಗಿ ತುಮಕೂರಿನಲ್ಲಿ ಬೆಳೆದವಳು, ಕುರಿಯನ್ನು ಮುಟ್ಟಿದ್ದು ಊಟದ ತಟ್ಟೆಯಲ್ಲಿ ಮಾತ್ರ ಎಂಬುದನ್ನು ಹೇಳಲಿಲ್ಲ.

ಭಾನುವಾರ ಬೆಳಿಗ್ಗೆ ಚಿಕ್ಕಪ್ಪ ಬೀದಿಯವರಿಗೆಲ್ಲ ಪಾಲು ಹಾಕಲು ಒಂದು ಟಗರು ಕೊಯ್ದರು. ನಾನು ಬೋಗುಣಿ ಹಿಡಿದು ಕೂತು ರಕ್ತ ತುಂಬಿಸಿಕೊಂಡೆ. ರಕ್ತ ಹೆಪ್ಪುಗಟ್ಟದ ಹಾಗೆ ಅದರಲ್ಲಿ ಮೊದಲೇ ಒಂದು ಪುಡಿ ಹಾಕಿರಬೇಕು. ಪುಡಿ ನನ್ನ ಚೀಲದಲ್ಲಿತ್ತು. ಚೀಲ ಒಳಮನೆಯಲ್ಲಿತ್ತು! ಓಡಿ ಹೋಗಿ ಹುಡುಕಿ ತರುವಷ್ಟರಲ್ಲಿ ಬೋಗುಣಿಯೇ ಇರಲಿಲ್ಲ. ಯಾರೋ ಎತ್ತಿಟ್ಟಿರಬೇಕು, ಆಮೇಲೆ ಕೇಳಿದರಾಯಿತು ಎಂದು ಊಟಕ್ಕೆ ಕೂತೆ. ಮುದ್ದೆಯ ಜೊತೆ ಚಿಕ್ಕಮ್ಮ ಈರುಳ್ಳಿ ಹಾಕಿ ಹುರಿದದ್ದೇನನ್ನೋ ಬಡಿಸಿದರು. ಬಹಳ ರುಚಿಯಾಗಿತ್ತು. ಎರಡನೇ ಸಲ ಹಾಕಿಸಿಕೊಂಡ ಮೇಲೆ ಬೋಗುಣಿ ಎಲ್ಲಿ ಎಂದು ಕೇಳಿದೆ.

"ಸಂದಾಗ್ ಎಪ್ಪುಗಟ್ಟಿತ್ತು ಕಣವ್ವ, ಉರ್ದ್ಬುಟ್ಟೆ" ಎಂದರು ಚಿಕ್ಕಮ್ಮ.

ಹೀಗೆ ನಾನು ನನ್ನ ಪ್ರಬಂಧದ ಮೊದಲ ಅಧ್ಯಾಯವನ್ನು ಸಾರ್ವಜನಿಕವಾಗಿ ನುಂಗಿದೆ.

ಇನ್ನೊಂದು ಟಗರು ಕೊಯ್ಯಲು ಮುಂದಿನ ಭಾನುವಾರವೇ ಆಗಬೇಕು. ಆದರೆ ನನ್ನ ಹತ್ತಿರ ಸಿರಿಂಜ್ ಇತ್ತು. ಮರುದಿನ ಬೆಳಿಗ್ಗೆ ಚಿಕ್ಕಪ್ಪ ಒಂದು ಕುರಿಯ ಕತ್ತು ಹಿಡಿದು, ಉಣ್ಣೆ ಸರಿಸಿ, ನರ ತೋರಿಸಿಕೊಟ್ಟರು. ನಾನು ಕಣ್ಣು ಮುಚ್ಚಿ ಚುಚ್ಚಿದೆ. ಕುರಿ ಸುಮ್ಮನಿತ್ತು. ಚಿಕ್ಕಪ್ಪ ಕಿರುಚಿದರು.

ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ಅವರು ಕೇಳಿದರು: "ಅಲ್ಲ ಕಣವ್ವ, ನಿಂಗೆ ಬೇಕಾಗಿರಾದು ಕುರಿ ರಕ್ತವೋ, ನಂದೋ?"

ನಾನು ಹೊಸ ಸೂಜಿ ಹಾಕಿಕೊಡುತ್ತಲೇ ಸಿರಿಂಜನ್ನು ಅವರೇ ಕಿತ್ತುಕೊಂಡರು. ಸರ್ಕಾರಿ ದನದ ಡಾಕ್ಟರು ಮಾಡುವುದನ್ನು ವರ್ಷಗಟ್ಟಲೆ ನೋಡಿದ್ದ ಕೈ ಅದು. ಕುರಿ ಮೆಲುಕು ಹಾಕುವುದನ್ನೂ ನಿಲ್ಲಿಸಲಿಲ್ಲ. ಈ ಸಲ ಬಾಟಲಿಗೆ ಪುಡಿಯನ್ನು ಮೊದಲೇ ಹಾಕಿದ್ದೆ. ಶಿರಾದಲ್ಲಿ ಐಸ್‌ಕ್ಯಾಂಡಿ ಮಾರುವ ಸಾಬರು ಕೊಟ್ಟ ಐಸನ್ನು ಅಗಲ ಬಾಯಿಯ ಫ್ಲಾಸ್ಕಿಗೆ ತುಂಬಿ, ನಡುವೆ ಬಾಟಲಿ ಇಳಿಸಿ, ಬೆಂಗಳೂರಿನ ಬಸ್ಸು ಹತ್ತಿದೆ. ಪಕ್ಕದ ಮುದುಕರು ಒಂದು ಗುಟುಕು ಕಾಫಿ ಕೇಳಿದರು. ಇದು ಕಾಫಿಯಲ್ಲ ಎಂದೆ. ಓದಿದವರ ಕೈ ಬಲು ಬಿಗಿ ಎಂದು ಅವರು ದಾಬಸ್‌ಪೇಟೆಯವರೆಗೂ ಮುಖ ತಿರುಗಿಸಿ ಕೂತರು.

ಮೂರನೇ ವಾರ ಸೂಕ್ಷ್ಮದರ್ಶಕದಲ್ಲಿ ಇಣುಕಿದೆ. ದಾಳಿಂಬೆ ಕಾಳಿನಂಥ ಕೆಂಪು ಹರಳುಗಳು! ಎಕ್ಸ್‌-ರೇ ಫಿಲ್ಮಿನ ಮೇಲೆ ಸಾಲು ಸಾಲು ಚುಕ್ಕಿ ಮೂಡಿದ ದಿನ ಗೈಡು ಇಡೀ ವಿಭಾಗಕ್ಕೆ ಮಸಾಲೆ ದೋಸೆ ಕೊಡಿಸಿದರು. ನಾನು ಒಂದು ವಾರ ನೆಲದ ಮೇಲೆ ನಡೆಯಲಿಲ್ಲ.

ಆ ಗೆಲುವಿನಲ್ಲೇ ಹರಳಿನ ಫೋಟೋ ಹಿಡಿದುಕೊಂಡು ಬರಗೂರಿಗೆ ಹೋದೆ. ಕುರಿರಕ್ತ ಓದಿ ಡಾಕ್ಟರಾಗುವ ಹುಡುಗಿ ಬಂದಿದ್ದಾಳೆ ಎಂದು ಚಿಕ್ಕಮ್ಮ ಆಗಲೇ ಊರಿಗೆಲ್ಲ ಹೇಳಿದ್ದರು. ಮೇಲಿನ ಬೀದಿಯ ಕರಿಯಣ್ಣ ಎಂಬ ಹಿರಿಯರು ಕುಂಟುತ್ತಿದ್ದ ಕುರಿಯೊಂದನ್ನು ತಂದು ನನ್ನ ಮುಂದೆ ನಿಲ್ಲಿಸಿದರು. ನಾನು ಆ ಡಾಕ್ಟರಲ್ಲ ಎನ್ನುತ್ತಾ, ಅದರ ಹಿಮೋಗ್ಲೋಬಿನ್ನಿನೊಳಗೆ ನಾಲ್ಕು ಸರಪಳಿಗಳು ಹೇಗೆ ಮಡಚಿಕೊಂಡಿರುತ್ತವೆ ಎಂದು ವಿವರವಾಗಿ ತಿಳಿಸಿದೆ. ಕರಿಯಣ್ಣ ತಾಳ್ಮೆಯಿಂದ ಕೇಳಿದರು. ಅಷ್ಟರಲ್ಲಿ ಚಿಕ್ಕಪ್ಪ ಬಗ್ಗಿ, ಕುರಿಯ ಕಾಲೆತ್ತಿ, ಗೊರಸಿನ ಸಂದಿಯಿಂದ ಜಾಲಿಮುಳ್ಳೊಂದನ್ನು ಕಿತ್ತು ಎಸೆದರು. ಕುರಿ ನೆಟ್ಟಗೆ ನಡೆದುಹೋಯಿತು.

ಕರಿಯಣ್ಣ ನನ್ನ ಮುಖ ನೋಡಿ ಮರುಗಿದರು.

"ಬ್ಯಾಸ್ರ ಮಾಡ್ಕಬ್ಯಾಡ ಕಣವ್ವ. ಇನ್ನೂ ಓದ್ತಾ ಇದೀಯಲ್ಲ, ಮುಂದ್ಕೆ ಯೋಳ್ಕೊಡ್ತಾರೆ."