ನನ್ನ ಬೆಳ್ಳಕ್ಕಿಯ ಚೂಪು ಕಣ್ಣು

‘ಟಿಟಿಟ್ಟೀ ಟೀ! ಟಿಟಿಟ್ಟೀ ಟೀ!’

ಹೊಳೆನರಸೀಪುರದ ನಮ್ಮ ಮನೆಯ ಹಿಂದಿನ ಖಾಲಿ ಸೈಟುಗಳಲ್ಲಿ ಸಂಸಾರ ಹೂಡಿರುವ ಟಿಟ್ಟಿಭ ಹಕ್ಕಿಗೆ ಜಗತ್ತಿನಲ್ಲಿ ಯಾರ ಮೇಲೂ ನಂಬಿಕೆಯಿಲ್ಲ. ಹಾಲಿನವನು ಬಂದರೂ ಕೂಗು, ಎಮ್ಮೆ ಕಿವಿ ಆಡಿಸಿದರೂ ಕೂಗು. ಒಂದು ಬೆಳಿಗ್ಗೆ ಅದನ್ನು ಕೇಳುತ್ತಾ ನಾನೊಂದು ಘನ ನಿರ್ಧಾರ ಕೈಗೊಂಡೆ. ಇನ್ನು ಮುಂದೆ ನಮ್ಮ ಕಾಲೇಜಿನ ‘ರೆಕ್ಕೆಪುಕ್ಕ’ ವಾಟ್ಸಾಪ್ ಗುಂಪಿನಲ್ಲಿ ಸತ್ಯವನ್ನಲ್ಲದೆ ಬೇರೇನನ್ನೂ ಬರೆಯುವುದಿಲ್ಲ!

ನಾವೆಲ್ಲ ಹವ್ಯಾಸಕ್ಕೆ ಹಕ್ಕಿಗಳ ಫೋಟೋ ತೆಗೆಯುವವರು. ಕಾಗೆಯ ಕಾಲು ಹಾಕಿದರೂ ‘ಸೂಪರ್’, ಬರೀ ಕೊಂಬೆ ಹಾಕಿದರೂ ‘ವಾವ್’. ಇದು ಎಲ್ಲಿಯವರೆಗೆ? ಸಹಪಾಠಿ ಗೌರೀಶನ ಮಿಂಚುಳ್ಳಿಗೆ ಬರೆದೆ: ‘ಬಾಲವನ್ನು ಯಾರ ಮನೆಯಲ್ಲಿ ಮರೆತು ಬಂದಿರಿ?’ ಗೆಳತಿ ಪ್ರೇಕ್ಷಾಳ ಗುಬ್ಬಿಗೆ ಬರೆದೆ: ‘ಇದು ಗುಬ್ಬಿಯೋ, ಗಾಳಿಗೆ ಹಾರಿದ ಹತ್ತಿಯೋ?’ ಕೊನೆಗೆ ಉದಾರವಾಗಿ ಸೇರಿಸಿದೆ: ‘ನನ್ನ ಚಿತ್ರಕ್ಕೂ ಹೀಗೇ ಹೇಳಿ. ಬೇಜಾರು ಮಾಡಿಕೊಳ್ಳುವವಳು ನಾನಲ್ಲ.’

ಆಮೇಲೆ ನನ್ನ ಬೆಳ್ಳಕ್ಕಿಯನ್ನು ಹಾಕಿದೆ. ಶೆಟ್ಟಿಹಳ್ಳಿಯ ಹಿನ್ನೀರಿನಲ್ಲಿ, ಸುಡು ಮಧ್ಯಾಹ್ನ ತೆಗೆದದ್ದು. ಬಿಳಿ ನೀರು, ಬಿಳಿ ಆಕಾಶ, ನಡುವೆ ಬಿಳಿ ಹಕ್ಕಿ. ಒಂದು ಮೌನದೊಳಗೆ ಇನ್ನೊಂದು ಮೌನ ನಿಂತ ಹಾಗೆ!

ಸಾಲು ಸಾಲಾಗಿ ‘ಸೂಪರ್’ ಬಂದವು. ಪ್ರೇಕ್ಷಾ ಚಪ್ಪಾಳೆ ತಟ್ಟಿದಳು. ಗೌರೀಶ ಹೃದಯದ ಚಿತ್ರ ಕಳಿಸಿದ. ನನ್ನೊಳಗಿನ ಟಿಟ್ಟಿಭ ಎದ್ದು ಕೂತಿತು.

“ಅಮ್ಮಾ, ಎಲ್ಲರೂ ಹೊಗಳ್ತಿದಾರೆ. ಇದರ ಹಿಂದೆ ಏನೋ ಇದೆ,” ಅಂದೆ.

ನಮ್ಮಮ್ಮ ಮಲ್ಲಿಗಮ್ಮ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು. “ಎಲ್ರೂನಾ?”

“ಒಬ್ಬರೂ ಬಿಡದೆ. ಆ ಗೌರೀಶನೂ!”

“ಆಪಾಟಿ ಜನವಾ? ಒಳ್ಳೇದಲ್ಲ ಕಣೆ ಅದು.”

ಅನುಮಾನ ನನಗೆ ತಾಯಿಯಿಂದಲೇ ಬಂದದ್ದು ಎಂದುಕೊಂಡೆ.

ಆ ವಾರ ಕಾಲೇಜಿನಲ್ಲಿ ನಮ್ಮ ಚಿತ್ರಗಳ ಪ್ರದರ್ಶನ. ಗೆದ್ದ ಚಿತ್ರ ಕಾಲೇಜು ಕ್ಯಾಲೆಂಡರಿನ ಮುಖಪುಟಕ್ಕೆ. ಚಿತ್ರವನ್ನು ಎಳ್ಳಷ್ಟೂ ತಿದ್ದಬಾರದೆಂಬುದು ನಿಯಮ. ನಾನು ಹಾಸನದ ಸ್ಟುಡಿಯೋದಲ್ಲಿ ದೊಡ್ಡ ಪ್ರಿಂಟು ಹಾಕಿಸಿ, ರಟ್ಟಿಗೆ ಅಂಟಿಸಿ ತಂದಿದ್ದೆ. ಓದು ಬಾರದ ಅಮ್ಮ ಮಗಳ ಕ್ಯಾಲೆಂಡರಿಗೆಂದು ಅಡುಗೆಮನೆಯ ಮೊಳೆಯನ್ನು ಆಗಲೇ ಖಾಲಿ ಮಾಡಿದ್ದಳು. ಪ್ರದರ್ಶನದ ದಿನ ಬೆಳಿಗ್ಗೆ ಪ್ರಿಂಟನ್ನು ಹಳೇ ಸೀರೆಯ ತುಂಡಿನಲ್ಲಿ ಸುತ್ತಿಕೊಟ್ಟವಳೂ ಅವಳೇ. ಕಾಲೇಜಿನಲ್ಲಿ ಅದನ್ನು ಬಿಚ್ಚಿ ಗೋಡೆಗೆ ನೇತುಹಾಕಿದವನು ಗೌರೀಶ. ನಾನು ಮುಖ ತೊಳೆದು ಬರುವಷ್ಟರಲ್ಲಿ ಅದರ ಮುಂದೆ ನಮ್ಮ ಪ್ರಾಣಿಶಾಸ್ತ್ರದ ಮೇಷ್ಟ್ರು, ಅಂದಿನ ತೀರ್ಪುಗಾರರು, ರವೀಂದ್ರ ಸರ್ ನಿಂತಿದ್ದರು. ನನ್ನ ಯಾವ ಚಿತ್ರ ನೋಡಿದರೂ “ಕಣ್ಣು ಎಲ್ಲಮ್ಮಾ?” ಎಂದು ಕೇಳುವವರು ಅವರು.

“ಶೋಭಿತಾ! ಏನಮ್ಮಾ ಈ ಕಣ್ಣು! ಎಷ್ಟು ಶಾರ್ಪು! ಮುಖಪುಟ ಇದೇ!”

ನೋಡಿದೆ. ಹೌದು, ದುಂಡನೆಯ ಕಪ್ಪು ಕಣ್ಣೊಂದು ನನ್ನನ್ನೇ ದುರುಗುಟ್ಟುತ್ತಿತ್ತು. ನನಗೆ ನೆನಪಿದ್ದ ಹಾಗೆ ಆ ಹಕ್ಕಿಗೆ ಕಣ್ಣು ಅಷ್ಟು ಕಪ್ಪಗಿರಲಿಲ್ಲ. ನಿಜ ಹೇಳಬೇಕೆಂದರೆ, ಇರಲೇ ಇಲ್ಲ!

“ಹೇಗೆ ತೆಗೆದೆ ಅಂತ ಎಲ್ಲರಿಗೂ ಹೇಳು.”

ಮುಖಪುಟ ಕೈಗೆ ಬಂದಿರುವಾಗ ತಕರಾರು ತೆಗೆಯುವವರುಂಟೇ? “ಉಸಿರು ಬಿಗಿಹಿಡಿದು ಕಾದೆ ಸರ್. ಅದರ ಕಣ್ಣು ನನ್ನನ್ನು ನಂಬಿದ ಕ್ಷಣ ಕ್ಲಿಕ್ ಮಾಡಿದೆ.”

“ಅಲ್ಲ ಕಣ್ರೀ,” ಗೌರೀಶ ಮೊಬೈಲು ಮುಂದೆ ಹಿಡಿದ. “ಗ್ರೂಪಿಗೆ ಹಾಕಿದ್ದರಲ್ಲಿ ಕಣ್ಣೇ ಇಲ್ವಲ್ಲ?”

ಸರ್ ಮುಖ ಗಂಟಾಯಿತು. “ಪ್ರಿಂಟನ್ನ ತಿದ್ದಿದೀಯೇನಮ್ಮಾ?”

“ನಾನಲ್ಲ ಸರ್! ನೇತುಹಾಕಿದ್ದು ಇವನು! ಬಾಲದ ಸೇಡು ತೀರಿಸಿಕೊಂಡಿದಾನೆ!”

“ಸೇಡು ತೀರ್ಸ್ಕೊಳೋನು ಕಣ್ಣು ಕೀಳ್ತಾನೆ ಕಣ್ರೀ, ಇಟ್ಟುಕೊಡ್ತಾನಾ?”

“ಕುತಂತ್ರ ಇರೋದೇ ಅದರಲ್ಲಿ!”

ಸರ್ ಬೆರಳಿಟ್ಟು ಒರೆಸಿ ನೋಡಿದರು. ಕಣ್ಣು ಕೊಕ್ಕಿನವರೆಗೂ ಜಾರಿ ಬಂತು. ಬೆರಳನ್ನು ಮೂಸಿ, “ಹರಳೆಣ್ಣೆ ವಾಸನೆ. ಕಾಡಿಗೆ!” ಅಂದರು.

ನಾನು ಸರಕ್ಕನೆ ಪ್ರೇಕ್ಷಾಳ ಕಣ್ಣು ನೋಡಿದೆ. ಎರಡಕ್ಕೂ ಕಾಡಿಗೆ! “ನೀನಾ? ಒಂದು ಗುಬ್ಬಿಗೋಸ್ಕರ?”

“ನಂದು ಅಂಗಡಿ ಪೆನ್ಸಿಲ್ ಕಣೆ! ಹರಳೆಣ್ಣೆ ದೀಪದ ಕಾಡಿಗೇನ ಈ ಕಾಲದಲ್ಲಿ ಯಾರ ಮನೇಲಿ ಮಾಡ್ತಾರೆ?”

ಯಾರ ಮನೆಯಲ್ಲಿ ಮಾಡುತ್ತಾರೆಂದು ನೆನಪಾಗಿ “ನಮ್ಮಮ್ಮ...” ಎಂದುಬಿಟ್ಟೆ. ಸರ್ ಬಿಡಲಿಲ್ಲ. ಮನೆಗೆ ಫೋನ್ ಮಾಡಿಸಿದರು, ಸ್ಪೀಕರ್ ಹಾಕಿಸಿದರು.

“ಅಮ್ಮಾ, ಫೋಟೋಗೆ ಏನಾದ್ರೂ ಹಚ್ಚಿದ್ಯಾ?”

“ಊಂ ಕಣೆ. ಎಲ್ರೂ ಒಗಳ್ತಾವ್ರೆ ಅಂದ್ಯಲ್ಲ, ದಿಷ್ಟಿ ಆಗ್ದಿರ್ಲಿ ಅಂತ ಕೆನ್ನೆಗೊಂದು ಬೊಟ್ಟು ಇಟ್ಟೆ. ನೀನು ಕೂಸಾಗಿದ್ದಾಗ ಇಡ್ತಿರ್ನಿಲ್ವಾ, ಅಂಗೆ.”

“ಅದು ಕೆನ್ನೆ ಅಲ್ಲಮ್ಮಾ, ಕಣ್ಣಿನ ಜಾಗ!”

“ನಂಗೇನೇ ಗೊತ್ತು? ಬಿಳೀ ಮ್ಯಾಲೆ ಬಿಳೀ! ಕಿಟಕಿ ತಾವ ತಕ್ಕೊಂಡೋಗಿ ಮಕ ಎಲ್ಲೈತೆ ಅಂತ ಉಡುಕ್ದೆ. ಸಿಕ್ನಿಲ್ಲ. ಅಂದಾಜಿನ ಮ್ಯಾಲೆ ಇಟ್ಟೆ.”

ಸಭಾಂಗಣ ಬಿದ್ದು ಬಿದ್ದು ನಕ್ಕಿತು. ನನ್ನ ಚಿತ್ರಕ್ಕೆ ಅಲ್ಲಿಯತನಕ ಬಂದ ಏಕೈಕ ನಿಜವಾದ ವಿಮರ್ಶೆ ಅದು.

“ಹಾಗಾದ್ರೆ ನೀವೆಲ್ಲ ಸೂಪರ್ ಅಂದಿದ್ದು?” ಎಂದೆ ಸಣ್ಣ ದನಿಯಲ್ಲಿ.

“ಬೇಜಾರಾಗಲ್ಲ ಅಂತ ಬರೆದಿದ್ಯಲ್ಲ,” ಅಂದಳು ಪ್ರೇಕ್ಷಾ. “ಅದನ್ನ ಓದೇ ಎಲ್ರಿಗೂ ಭಯ ಆಗಿದ್ದು.”

ಬೆಳ್ಳಕ್ಕಿ ಗೋಡೆಯಿಂದ ಇಳಿಯಿತು. ಮುಖಪುಟ ಗೌರೀಶನ ಮಿಂಚುಳ್ಳಿಗೆ ಹೋಯಿತು, ಬಾಲವಿಲ್ಲದಿದ್ದರೂ! ಈಗ ನಮ್ಮ ಅಡುಗೆಮನೆಯ ಮೊಳೆಯ ಮೇಲೆ ಅದೇ ನೇತಾಡುತ್ತಿದೆ. “ಬಾಲ ಓದ್ರೆ ಓಗ್ಲಿ, ಮಕ ಕಾಣ್ತದಲ್ಲ,” ಎನ್ನುತ್ತಾಳೆ ಅಮ್ಮ. ಗೌರೀಶನೋ, ಮುಂದಿನ ಫೋಟೋಗಳನ್ನು ಮೊದಲು ನಮ್ಮಮ್ಮನಿಗೇ ತೋರಿಸುತ್ತಾನಂತೆ. ಇದರ ಹಿಂದೆಯೂ ಏನೋ ಇದೆ.

ಇಷ್ಟನ್ನು ಕಾಲೇಜಿನಿಂದ ಎರವಲು ತಂದ ಲ್ಯಾಪ್‌ಟಾಪಿನಲ್ಲಿ ಈಗಷ್ಟೇ ಬರೆದು ಅಮ್ಮನಿಗೆ ಓದಿ ಹೇಳಿದೆ. ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕಳು. “ಸಂದಾಗಿ ಬರ್ದಿದ್ದೀಯ ಕಣೆ. ಎಲ್ರೂ ಒಗಳ್ತಾರೆ ನೋಡು,” ಅಂದವಳೇ ಎದ್ದು ಒಳಗೆ ಹೋದಳು. ಒಳಗಿನಿಂದ ಸಣ್ಣ ಡಬ್ಬಿಯ ಮುಚ್ಚಳ ತೆಗೆದ ಸದ್ದು. ಹಿತ್ತಲಿನಲ್ಲಿ ಟಿಟ್ಟಿಭ ಕೂಗುತ್ತಿದೆ. ಅಮ್ಮ ಬೆರಳು ಮುಂದೆ ಹಿಡಿದುಕೊಂಡು ಬರುತ್ತಿದ್ದಾಳೆ, ಲ್ಯಾಪ್‌ಟಾಪನ್ನು ಒಂದು ತೋಳಿನಲ್ಲಿ ಹೊತ್ತು ಇನ್ನೊಂದು ಕೈಯಲ್ಲಿ ಟೈಪು ಮಾಡುತ್ತಲೇ ನಾನು ಹೊರಟೆ, ಆದರೆ ಅವಳು ನೋಡುತ್ತಿರುವುದು ಲ್ಯಾಪ್‌ಟಾಪಿನ ಕಡೆಗಲ್ಲವಲ್ಲ, ನನ್ನ ಕೆನ್ನೆಯ ಕಡೆಗೆ, ಅಮ್ಮಾ ಬೇಡ, ಗೇಟಿನ ಹತ್ತಿರ ಗೌರೀಶ ಬೇರೆ ಬಂದು ನಿಂತು ನೋಡುತ್ತಿದ್ದಾ—