ಹದಿನೈದು ನಿಮಿಷದ ಪಿಂಚಣಿ

ಭಾವಮೈದುನನಿಗೆ ಲೆಕ್ಕ ಬಾರದಿದ್ದರೆ ಕ್ಯಾಪ್ಟನ್ನರ ಕೆಲಸದ ಕೊನೆಯ ದಿನ ಸುಖವಾಗಿ ಕಳೆದುಹೋಗುತ್ತಿತ್ತು. ಆದರೆ ಅವನು ವಿಮಾ ಕಚೇರಿಯಲ್ಲಿ ಕೆಲಸ ಮಾಡುವವನು. ಎದುರಿಗೆ ಮನುಷ್ಯ ಕಂಡರೆ ಸಾಕು, ಬೆರಳು ತಾನಾಗಿಯೇ ಎಣಿಸತೊಡಗುತ್ತಿತ್ತು.

"ಭಾವ, ನೀವು ಮುಳುಗಿದ್ರಿ," ಎಂದ ಅವನು, ಬೆಳಗಿನ ಕಾಫಿ ಕುಡಿಯುತ್ತ.

"ಪೈಲಟ್‌ಗೆ ಮುಳುಗಿದ್ರಿ ಅಂತಾರೇನೋ? ಬಿಡ್ತು ಅನ್ನು," ಎಂದು ಅವನಕ್ಕ ಒಳಗಿನಿಂದ ಗದರಿದಳು.

"ಅಕ್ಕ, ಸುಮ್ನಿರು. ಇವತ್ತು ಹೋಗಿ ಬರೋದನ್ನೂ ಸೇರಿಸಿದ್ರೆ ಭಾವಂಗೆ ಹತ್ತು ಸಾವಿರ ಗಂಟೆಗೆ ಹದಿನೈದು ನಿಮಿಷ ಕಮ್ಮಿ ಬೀಳುತ್ತೆ. ಮೂರು ಸಲ ಕೂಡಿಸಿ ನೋಡಿದೆ."

ಕ್ಯಾಪ್ಟನ್ನರ ಕೈಯಲ್ಲಿದ್ದ ಲೋಟ ನಡುದಾರಿಯಲ್ಲೇ ನಿಂತಿತು.

ಖಾಸಗಿ ಜೆಟ್ಟಿನ ಪೈಲಟ್ ಎಂದರೆ ಹಣದಲ್ಲಿ ಈಜಾಡುತ್ತಾನೆಂದು ಬೀದಿಯವರೆಲ್ಲ ನಂಬಿದ್ದರು. ಕ್ಯಾಪ್ಟನ್ನರ ಕಂಪನಿಯ ಕಾಯಿದೆ ಬೀದಿಯವರಿಗೆ ಗೊತ್ತಿರಲಿಲ್ಲ. ವಿಮಾನದ ಚಕ್ರಕ್ಕೆ ಅಡ್ಡ ಇಟ್ಟ ಮರದ ತುಂಡು ತೆಗೆದಾಗ ಕೆಲಸ ಶುರು; ಮತ್ತೆ ಇಟ್ಟಾಗ ಮುಗಿಯಿತು. ಜೆಟ್ಟಿನ ಯಜಮಾನರು ಯಾವುದೋ ಊರಿನಲ್ಲಿ ಸಭೆಯ ಮೇಲೆ ಸಭೆ ನಡೆಸುವಾಗ ಪೈಲಟ್ ಬೆಂಚಿನ ಮೇಲೆ ಕೂತು ಕಾದದ್ದು ಕೆಲಸವಲ್ಲ, ವಿಶ್ರಾಂತಿ. ಸಂಬಳ, ಓವರ್‌ಟೈಮ್, ಪಿಂಚಣಿ ಎಲ್ಲವೂ ಚಕ್ರ ಉರುಳಿದ ಗಂಟೆಗಳಿಗೆ ಮಾತ್ರ. ಹತ್ತು ಸಾವಿರ ತುಂಬಿದರೆ ಪೂರ್ತಿ ಪಿಂಚಣಿ. ಒಂದು ನಿಮಿಷ ಕಡಿಮೆಯಾದರೂ ಅರ್ಧ. ಹಾಗಾಗಿ ಇಪ್ಪತ್ತು ವರ್ಷವೂ ಕ್ಯಾಪ್ಟನ್ನರ ಹೆಂಡತಿಯ ಹೊಲಿಗೆ ಮಿಷನ್ ನಿಂತಿರಲಿಲ್ಲ. ಇತ್ತೀಚೆಗೆ ಸೂಜಿಗೆ ದಾರ ಪೋಣಿಸಲು ಆಕೆಗೆ ಕಿಟಕಿಯ ಬೆಳಕೂ ಸಾಲುತ್ತಿರಲಿಲ್ಲ.

"ನಿಮ್ಮ ವಿಮಾನ ನಿಂತ ದಿನ ನನ್ನ ಮಿಷನ್ನೂ ನಿಲ್ಲುತ್ತೆ," ಎಂದು ಆಕೆ ಒಂದು ವರ್ಷದಿಂದ ಹೇಳುತ್ತಿದ್ದಳು. ಆ ಬೆಳಿಗ್ಗೆ ಮಿಷನ್ನಿನ ಮೇಲೆ ಹಳೆಯ ಚಾದರ ಹೊದಿಸಿಯೂ ಆಗಿತ್ತು. ರಾತ್ರಿಯ ಊಟಕ್ಕೆ ನೆರೆಹೊರೆಯವರನ್ನು ಕರೆದಾಗಿತ್ತು. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಬೀಳ್ಕೊಡುಗೆ ಭಾಷಣ ಬರೆಯಲು ಕೂತಿದ್ದರು.

"ಇದಕ್ಕೆಲ್ಲ ನೀವೇ ಕಾರಣ ಭಾವ," ಭಾವಮೈದುನ ಬಿಡಲಿಲ್ಲ. "ಇಪ್ಪತ್ತು ವರ್ಷ ಎಲ್ರಿಗಿಂತ ಬೇಗ ಹೋಗಿ ಇಳಿದ್ರಲ್ಲ! ಹತ್ತು ನಿಮಿಷ ಉಳಿಸ್ದೆ, ಇಪ್ಪತ್ತು ನಿಮಿಷ ಉಳಿಸ್ದೆ ಅಂತ ಎದೆ ಉಬ್ಬಿಸ್ಕೊಂಡು ಬರ್ತಿದ್ರಿ. ಯಾರ ನಿಮಿಷ ಅದು? ನಿಮ್ಮ ಪಿಂಚಣಿದು!"

ಮಾತು ನಿಜ. ಅವರಿಗೆ ನಿಲ್ದಾಣದಲ್ಲಿದ್ದ ಹೆಸರೇ 'ಬೇಗಪ್ಪ'. ಗಾಳಿಯ ಬೆನ್ನು ಹಿಡಿದು, ದಾರಿಯ ತಿರುವು ತಪ್ಪಿಸಿ, ಹೊತ್ತಿಗೆ ಮುಂಚೆ ಇಳಿಸುವುದು ಅವರಿಗೆ ಉಸಿರಾಡಿದಷ್ಟೇ ಸಲೀಸು.

"ಹದಿನೈದು ನಿಮಿಷ ತಾನೇ?" ಎಂದಳು ಹೆಂಡತಿ, ಟೋಪಿ ಕೈಗಿಡುತ್ತ. "ದಿನಾ ಬಚ್ಚಲಮನೆಯಲ್ಲಿ ಅಷ್ಟು ಹೊತ್ತು ಸುಮ್ನೆ ಕೂತಿರ್ತೀರಿ. ಇವತ್ತು ಮೇಲೆ ಕೂತ್ಕೊಳ್ಳಿ. ಇಲ್ಲಾಂದ್ರೆ ಯಜಮಾನರಿಗೆ ಬಾಯ್ಬಿಟ್ಟು ಒಂದು ಮಾತು ಹೇಳಿ."

ಕ್ಯಾಪ್ಟನ್ನರು ತಲೆಯಾಡಿಸಿದರು. ಬಾಯಿ ಬಿಡುವುದೊಂದನ್ನು ಬಿಟ್ಟು ಬೇರೆ ಯಾವ ಸಾಹಸಕ್ಕೂ ಅವರು ಸಿದ್ಧರಿದ್ದರು.

ನಿಲ್ದಾಣದಲ್ಲಿ ಯಜಮಾನರೇ ಹೂಗುಚ್ಛ ಹಿಡಿದು ನಿಂತಿದ್ದರು. ದೊಡ್ಡ ದೇಹ, ಅದಕ್ಕಿಂತ ದೊಡ್ಡ ದನಿ. "ಕ್ಯಾಪ್ಟನ್ನರೇ! ಇಪ್ಪತ್ತು ವರ್ಷ ನನ್ನ ಜೀವ ನಿಮ್ಮ ಕೈಲಿತ್ತು. ಒಂದು ಸಲಾನೂ ನನ್ನ ಕಾಫಿ ತುಳುಕಲಿಲ್ಲ. ಇವತ್ತು ನೀವು ಪೈಲಟ್ ಅಲ್ಲ, ನನ್ನ ಅತಿಥಿ. ಖುಷಿಗೆ ಹಾರಿಸಿ. ಕಾಗದ, ಸಹಿ, ಆ ತಲೆನೋವೆಲ್ಲ ಇವನು ನೋಡ್ಕೋತಾನೆ."

ಇವನು ಎಂದರೆ ಪಕ್ಕದ ಸೀಟಿನ ಕಿರಿಯ ಪೈಲಟ್. ಅವನಿಗೆ ವಿಮಾನ ಇಳಿಸುವುದನ್ನು ಕಲಿಸಿದವರೇ ಕ್ಯಾಪ್ಟನ್ನರು. ಅವನು ನಗುತ್ತ ಸಹಿ ಮಾಡಿದ. ಇಂಥ ಹೊತ್ತಿನಲ್ಲಿ ಹದಿನೈದು ನಿಮಿಷದ ಮಾತು ಎತ್ತುವುದು ಹೇಗೆ? ಕ್ಯಾಪ್ಟನ್ನರು ಹೂಗುಚ್ಛ ತೆಗೆದುಕೊಂಡು, ಅದರ ಹಿಂದೆ ಮುಖ ಮುಚ್ಚಿಕೊಂಡು ವಿಮಾನ ಹತ್ತಿದರು.

ರನ್‌ವೇಯ ಮುಂದೆ ನಾಲ್ಕು ದೊಡ್ಡ ವಿಮಾನಗಳು ಸಾಲಾಗಿ ನಿಂತಿದ್ದವು. ಅವುಗಳ ಬಾಲ ಕಂಡು ಕ್ಯಾಪ್ಟನ್ನರಿಗೆ ಹಬ್ಬವಾಯಿತು. ಇಷ್ಟು ದೊಡ್ಡ ಸಾಲು ದಾಟುವ ಹೊತ್ತಿಗೆ ಪಿಂಚಣಿ ತುಂಬಿ ಮೇಲೆ ಉಕ್ಕುತ್ತದೆ.

ಅಷ್ಟರಲ್ಲಿ ರೇಡಿಯೋದಲ್ಲಿ ಕಂಟ್ರೋಲ್ ಟವರಿನ ಹೆಣ್ಣುದನಿ: "ಸರ್, ಇವತ್ತು ನಿಮ್ಮ ಕೊನೇ ದಿನ ಅಂತೆ. ಮುಂದಿರೋರೆಲ್ಲ ನಿಮಗೆ ದಾರಿ ಬಿಡ್ತಾರಂತೆ. ನೀವೇ ಮೊದಲು ಹೊರಡಿ."

"ಬೇಡಮ್ಮ, ಪಾಪ, ಅವರಿಗೆ ತಡ ಆಗುತ್ತೆ..."

ಮುಂದಿನ ವಿಮಾನದಿಂದ ಒಂದು ಗಡಸು ದನಿ ಬಂತು: "ತಡ ಆಗ್ಲಿ ಸರ್. ಆವತ್ತು ಮಂಜಿನಲ್ಲಿ ನನಗೆ ಇಂಧನ ಮುಗೀತಾ ಬಂದಾಗ ನಿಮ್ಮ ಸರದಿ ನನಗೆ ಕೊಟ್ರಲ್ಲ, ಮರೆತಿಲ್ಲ. ಮುನ್ನೂರು ಜನ ಜೀವಂತ ಕೆಳಗಿಳಿದ್ರು."

ಹೀಗೆ ಒಬ್ಬೊಬ್ಬರೂ ಕೃತಜ್ಞತೆ ಹೇಳಿ ಪಕ್ಕಕ್ಕೆ ಸರಿದರು. ಕ್ಯಾಪ್ಟನ್ನರು ಹರಳೆಣ್ಣೆ ಕುಡಿದವರಂತೆ ಮುಖ ಮಾಡಿಕೊಂಡು ಎಲ್ಲರಿಗೂ "ಥ್ಯಾಂಕ್ಸಪ್ಪ" ಎಂದರು. ಮೇಲೇರಿದ ಮೇಲೆ ಟವರಿನವಳು ಇನ್ನೊಂದು ಉಡುಗೊರೆ ಕೊಟ್ಟಳು: "ನಿಮಗೆ ಇವತ್ತು ಒಂದು ತಿರುವೂ ಇಲ್ಲ ಸರ್. ಗೆರೆ ಎಳೆದ ಹಾಗೆ ನೇರ ಹೋಗಿ." ಸಾಲದ್ದಕ್ಕೆ ಗಾಳಿಯೂ ಹಿಂದಿನಿಂದ ತಳ್ಳಿತು. ಎಲ್ಲಕ್ಕಿಂತ ದೊಡ್ಡ ದ್ರೋಹ ಅವರ ಕೈಗಳದೇ. ಮನಸ್ಸು 'ನಿಧಾನ' ಎನ್ನುತ್ತಿದ್ದರೂ ಕೈ ಅಭ್ಯಾಸಬಲದಿಂದ ವೇಗ ಕೂಡಿಸಿ, ಹೊತ್ತಿಗೆ ಮುಂಚೆಯೇ ಇನ್ನೊಂದು ಊರಿನಲ್ಲಿ ಇಳಿಸಿಬಿಟ್ಟಿತು. ಹದಿನೈದು ಈಗ ಮೂವತ್ತಾಯಿತು.

ಯಜಮಾನರು ಸಭೆಗೆ ಹೋದರು. ಮಧ್ಯಾಹ್ನವೆಲ್ಲ ಕ್ಯಾಪ್ಟನ್ನರು ನಿಲ್ದಾಣದ ಕಾಯುವ ಕೋಣೆಯಲ್ಲಿ ಕೂತರು. ಅದೇ ರೆಗ್ಜಿನ್ ಸೋಫಾ. ಅದರ ಒಂದು ಮೂಲೆ ತಗ್ಗಾಗಿತ್ತು, ಬಹುಶಃ ಅವರಿಂದಲೇ. ಫ್ಯಾನು ತಿರುಗುತ್ತಿತ್ತು. ತಮ್ಮ ಆಯುಷ್ಯದ ದೊಡ್ಡ ಪಾಲು ಆಕಾಶದಲ್ಲಲ್ಲ, ಇಂಥ ಕೋಣೆಗಳಲ್ಲಿ ಕಳೆದಿದೆ ಎಂದು ಅವರಿಗೆ ಮೊದಲ ಬಾರಿಗೆ ಅನ್ನಿಸಿತು. ಆ ಗಂಟೆಗಳು ಯಾರ ಲೆಕ್ಕಕ್ಕೂ ಸೇರಿರಲಿಲ್ಲ. ಆದರೂ ಮೇಲೆ ಕಂಡ ಸೂರ್ಯೋದಯಗಳು, ಇಳಿದ ಮೇಲೆ ಯಜಮಾನರು ತಪ್ಪದೆ ಹೇಳುತ್ತಿದ್ದ "ಬದುಕಿಸಿದ್ರಿ ಕ್ಯಾಪ್ಟನ್", ಮನೆಯಲ್ಲಿ ಮಿಷನ್ ತುಳಿಯುತ್ತ ದಾರಿ ಕಾದವಳು... ಸಿಕ್ಕಿದ್ದು ಕಡಿಮೆಯೇನಲ್ಲ ಎಂದೂ ಅನ್ನಿಸಿತು.

"ಸರ್, ಏನೋ ಯೋಚ್ನೆ ಮಾಡ್ತಿದೀರಿ," ಎಂದ ಕಿರಿಯ. "ನನ್ನ ಹತ್ರ ಹೇಳಿ."

ಕ್ಯಾಪ್ಟನ್ನರು ಬಾಯಿ ತೆರೆದರು. "ಫ್ಯಾನು ಸದ್ದು ಮಾಡ್ತಿದೆ," ಎಂದರು. ಆಗ ನಿಜ ಹೇಳಿದ್ದರೆ ಈ ಕತೆ ಅಲ್ಲಿಗೇ ಮುಗಿಯುತ್ತಿತ್ತು.

ಸಂಜೆ ಮರಳುವಾಗ ಅವರು ಗಟ್ಟಿ ಮನಸ್ಸು ಮಾಡಿದರು. ಎತ್ತಿನ ಗಾಡಿಯ ಗತಿಯಲ್ಲಿ ವಿಮಾನ ಹೊರಟಿತು. ದೂರದಲ್ಲಿ ಏನೋ ಬೆಳ್ಳಗೆ ಕಂಡಿತು.

"ಮೋಡ," ಎಂದರು ಕ್ಯಾಪ್ಟನ್ನರು. "ಸುತ್ತಿ ಹೋಗೋಣ."

ಕಿರಿಯ ಕಣ್ಣು ಕಿರಿದು ಮಾಡಿ ನೋಡಿದ. "ಸರ್, ಅದು ಮೋಡಾನಾ? ಗಾಜಿನ ಮೇಲಿನ ಕಲೆ ಅನ್ಕೊಂಡಿದ್ದೆ."

"ಚಿಕ್ಕದನ್ನ ನಂಬಬಾರದಪ್ಪ."

ಕೈವಸ್ತ್ರದಷ್ಟು ಮೋಡವನ್ನು ಅವರು ಗುಡಿಗೆ ಪ್ರದಕ್ಷಿಣೆ ಬಂದಷ್ಟು ಭಕ್ತಿಯಿಂದ ಸುತ್ತಿದರು. ಹಿಂದಿನಿಂದ ಯಜಮಾನರು ಬಾಗಿಲಲ್ಲಿ ತಲೆ ತೂರಿಸಿ, "ನೋಡೋ, ಕಲಿ," ಎಂದರು ಕಿರಿಯನಿಗೆ. "ಕೊನೇ ದಿನಾನೂ ನಮ್ಮ ಬಗ್ಗೆ ಎಷ್ಟು ಜತನ!" ಅವರ ಕಣ್ಣು ಒದ್ದೆಯಾಗಿತ್ತು. ಕ್ಯಾಪ್ಟನ್ನರಿಗೆ ನಾಚಿಕೆಯಾಯಿತು. ಆದರೂ ಮುಂದೆ ಸಿಕ್ಕ ಇನ್ನೆರಡು ಕಲೆಗಳನ್ನೂ ಬಿಡಲಿಲ್ಲ.

ಇಳಿದಾಗ ಇನ್ನೂ ಹತ್ತು ನಿಮಿಷ ಬಾಕಿ. ನೆಲದ ಮೇಲೆ ವಿಮಾನ ಆಮೆಯಂತೆ ತೆವಳಿತು. ಹುಲ್ಲು ಕತ್ತರಿಸುವವನೊಬ್ಬ ಸೈಕಲ್ಲಿನಲ್ಲಿ ಅದನ್ನು ಹಿಂದೆ ಹಾಕಿ, ತಿರುಗಿ ನೋಡಿ, ಗಾಬರಿಯಿಂದ ಸೈಕಲ್ ಪರೀಕ್ಷಿಸಿಕೊಂಡ.

ಅಷ್ಟರಲ್ಲಿ ಅದೃಷ್ಟ ಕೆಂಪು ಬಣ್ಣದಲ್ಲಿ ಬಂತು. ನಿವೃತ್ತರಾಗುವ ಪೈಲಟ್ಟಿಗೆ ಅಗ್ನಿಶಾಮಕ ದಳದವರು ಎರಡು ಕಡೆಯಿಂದ ನೀರು ಚಿಮ್ಮಿಸಿ ಕಮಾನು ಕಟ್ಟುವುದು ನಿಲ್ದಾಣದ ರೂಢಿ. ಒಂದು ಗಾಡಿ ನೀರು ಚಿಮ್ಮಿಸಿತು. ಇನ್ನೊಂದರ ಕೊಳವೆ ಕೆಮ್ಮಿ ಸುಮ್ಮನಾಯಿತು. ನಾಲ್ಕು ಜನ ಕೊಳವೆಯನ್ನು ಕುಲುಕಿದರು, ಬಡಿದರು, ಒಬ್ಬ ಒಳಗೆ ಇಣುಕಿಯೂ ನೋಡಿದ.

"ಸರ್, ಅರ್ಧ ಕಮಾನಿನಲ್ಲೇ ಹೋಗಿಬಿಡೋಣ್ವಾ?" ಎಂದ ಕಿರಿಯ.

"ಛೆ! ಪ್ರೀತಿಯಿಂದ ಮಾಡ್ತಿದಾರೆ. ಕಾಯೋಣ," ಎಂದರು ಕ್ಯಾಪ್ಟನ್ನರು. ಜನ್ಮದಲ್ಲಿ ಮೊದಲ ಬಾರಿಗೆ ಕಾಯುವುದು ಲೆಕ್ಕಕ್ಕೆ ಸೇರುತ್ತಿತ್ತು.

ಕೊಳವೆ ಇದ್ದಕ್ಕಿದ್ದಂತೆ ಬಾಯಿಬಿಟ್ಟು, ಇಣುಕಿ ನೋಡುತ್ತಿದ್ದವನಿಗೆ ಮೊದಲು ಸ್ನಾನ ಮಾಡಿಸಿ, ಆಮೇಲೆ ಕಮಾನು ಕಟ್ಟಿತು. ಅದರಡಿ ದಾಟಿ ನಿಲ್ಲುವ ಜಾಗಕ್ಕೆ ಬಂದಾಗ ಬಾಕಿ ಒಂದೇ ನಿಮಿಷ. ಆದರೆ ಚಕ್ರಕ್ಕೆ ಅಡ್ಡ ಇಡುವ ಮುದುಕ ಮರದ ತುಂಡುಗಳನ್ನು ಎತ್ತಿಕೊಂಡು ಆಗಲೇ ಓಡಿಬರುತ್ತಿದ್ದ! ಕ್ಯಾಪ್ಟನ್ನರು ಗಾಜಿನೊಳಗಿಂದ 'ಬೇಡ, ಬೇಡ' ಎಂದು ಕೈಯಾಡಿಸಿದರು. ತನಗೇ ವಿದಾಯ ಹೇಳುತ್ತಿದ್ದಾರೆಂದುಕೊಂಡ ಮುದುಕ ಅಲ್ಲೇ ನಿಂತು, ಮರದ ತುಂಡುಗಳ ಸಮೇತ ಎರಡೂ ಕೈ ಎತ್ತಿ ಬೀಸತೊಡಗಿದ. ಬೀಸಿ ಬೀಸಿ ಅತ್ತ. ಇವರೂ ನಿಲ್ಲಿಸಲಿಲ್ಲ. ಗಡಿಯಾರದ ಮುಳ್ಳು ದಾಟಿತು. ಮುದುಕ ಕಣ್ಣೊರೆಸಿಕೊಂಡು ಅಡ್ಡ ಇಟ್ಟ.

ಹತ್ತು ಸಾವಿರ ತುಂಬಿತು. ಕ್ಯಾಪ್ಟನ್ನರು ಕಣ್ಣು ಮುಚ್ಚಿದರು. ಚಾದರ ಹೊದ್ದ ಮಿಷನ್ ಕಣ್ಮುಂದೆ ಬಂತು.

ಕೆಳಗೆ ಕಚೇರಿಯವರೆಲ್ಲ ಸೇರಿದ್ದರು. ಯಜಮಾನರು ಅವರ ಹೆಗಲ ಮೇಲೆ ಕೈಹಾಕಿ ದೊಡ್ಡ ದನಿಯಲ್ಲಿ ಹೇಳಿದರು: "ಈ ಮನುಷ್ಯ ಇಪ್ಪತ್ತು ವರ್ಷದಲ್ಲಿ ಬಾಯ್ಬಿಟ್ಟು ಏನೂ ಕೇಳ್ಲಿಲ್ಲ. ಕೇಳದೇ ಇರೋರಿಗೆ ನಾವಾಗೇ ಕೊಡ್ಬೇಕು. ಅದಕ್ಕೇ ಬೆಳಿಗ್ಗೆಯೇ ಒಂದು ಕೆಲಸ ಮಾಡಿದೆ. ಇವರಿಗೆ ಗೊತ್ತಿಲ್ಲ. ಕೊನೇ ದಿನ ಇವರ ಕೈಲಿ ದುಡಿಸ್ಕೋಬಾರದು ಅಂತ ಸಂಬಳ ಸಹಿತ ರಜೆ ಕೊಡಿಸಿದೀನಿ! ಇವತ್ತಿನ ಹಾರಾಟ ಪೂರ್ತಿ ಕಿರಿಯವನ ಲೆಕ್ಕಕ್ಕೆ. ಇವರ ಲೆಕ್ಕಕ್ಕೆ ಒಂದು ನಿಮಿಷವೂ ಹಾಕಿಲ್ಲ. ಇವರು ಬರೀ ಖುಷಿಗೆ ಹಾರಿದ್ದು!"

ಚಪ್ಪಾಳೆ ಬಿತ್ತು. ಕ್ಯಾಪ್ಟನ್ನರು ಮಾತ್ರ ವಿಮಾನದ ಮೆಟ್ಟಿಲ ಮೇಲೆ ಮೆಲ್ಲಗೆ ಕುಳಿತರು. ಚಪ್ಪಾಳೆ ನಿಂತಿತು. ಆಮೇಲೆ, ಇಪ್ಪತ್ತು ವರ್ಷದಲ್ಲಿ ಮೊದಲ ಸಲ, ಅವರು ಬಾಯಿಬಿಟ್ಟರು. ಹತ್ತು ಸಾವಿರ ಗಂಟೆ, ಅರ್ಧ ಪಿಂಚಣಿ, ಗಾಜಿನ ಮೇಲಿನ ಕಲೆ, ಎಲ್ಲವನ್ನೂ ಹೇಳಿದರು.

"ಅಯ್ಯೋ ದೇವರೇ!" ಯಜಮಾನರು ತಲೆ ಚಚ್ಚಿಕೊಂಡರು. "ಬೆಳಿಗ್ಗೆ ಒಂದು ಮಾತು ಹೇಳೋದಲ್ವೇನ್ರೀ!" ಕೂಡಲೇ ಕಚೇರಿಯ ಮ್ಯಾನೇಜರನ್ನು ಪಕ್ಕಕ್ಕೆ ಕರೆದು ಗುಸುಗುಸು ನಡೆಸಿದರು. ರಜೆ ಒಮ್ಮೆ ಕೊಟ್ಟರೆ ವಾಪಸು ತೆಗೆಯುವಂತಿಲ್ಲ. ನಿವೃತ್ತಿ ಮುಂದೂಡಬಹುದು, ಆದರೆ ಒಂದು ವರ್ಷಕ್ಕಿಂತ ಕಡಿಮೆ ಮುಂದೂಡಲು ಕಾಯಿದೆಯಿಲ್ಲ. ಪಿಂಚಣಿ ಶುರುವಾಗುವುದೂ ಆಮೇಲೆಯೇ.

ಯಜಮಾನರ ಮುಖ ಅರಳಿತು. "ಒಂದು ವರ್ಷ! ಹಾಕಿ! ನಿಮಗೆ ಪೂರ್ತಿ ಪಿಂಚಣಿ ಗ್ಯಾರಂಟಿ, ನನಗೆ ಇನ್ನೊಂದು ವರ್ಷ ನೀವು ಗ್ಯಾರಂಟಿ. ನಿಮ್ಮನ್ನ ಬಿಟ್ಟು ಹೇಗಪ್ಪಾ ಹಾರೋದು ಅಂತ ನಿದ್ದೆನೇ ಬಂದಿರ್ಲಿಲ್ಲ. ನಾಳೆ ಬೆಳಗಿನ ಜಾವ ಹೊರಡೋಣ. ಅಲ್ಲಿ ಸಂಜೆವರೆಗೂ ಕಾಯ್ಬೇಕಾಗುತ್ತೆ, ಪರವಾಗಿಲ್ಲ ತಾನೇ?"

ಅವರ ಕಣ್ಣಿನಲ್ಲಿ ನಿಜವಾದ ನೀರಿತ್ತು. ಅದನ್ನು ಕಂಡ ಮೇಲೆ ಕ್ಯಾಪ್ಟನ್ನರು ಹೇಳಬಹುದಾದ ಮಾತು ಒಂದೇ ಇತ್ತು. "ಪರವಾಗಿಲ್ಲ ಯಜಮಾನ್ರೇ. ಉಪಕಾರ ಆಯ್ತು."

ನಿಲ್ದಾಣದಿಂದ ಹೊರಬಂದು ಮನೆಗೆ ಫೋನ್ ಮಾಡಿದರು.

"ತುಂಬ್ತಾ?" ಎಂದಳು ಹೆಂಡತಿ, ಒಂದೇ ಉಸಿರಿಗೆ. ಹಿಂದೆ ನೆರೆಹೊರೆಯವರ ಗದ್ದಲ, ಭಾವಮೈದುನನ ನಗು ಕೇಳುತ್ತಿತ್ತು. "ಎಲ್ರೂ ಬಂದಾಯ್ತು. ಮೇಷ್ಟ್ರು ಭಾಷಣ ಹಿಡ್ಕೊಂಡು ಬಾಗಿಲಲ್ಲೇ ನಿಂತಿದಾರೆ."

"ನಾಳೆ ಬೆಳಗಿನ ಜಾವಕ್ಕೆ ಅಲಾರಂ ಇಡು," ಎಂದರು ಕ್ಯಾಪ್ಟನ್ನರು. ಆಕೆಗೆ ಎಲ್ಲ ತಿಳಿಯಿತು.

"ಎಷ್ಟು ದಿನ?" ಎಂದಳು ಮೆಲ್ಲಗೆ.

"ಭಾಷಣ ಜೋಪಾನವಾಗಿ ಎತ್ತಿಟ್ಕೊಳ್ಳೋಕೆ ಹೇಳು," ಎಂದರು ಅವರು. "ಮುಂದಿನ ವರ್ಷಕ್ಕೆ ಬೇಕಾಗುತ್ತೆ."

ಆ ಕಡೆ ಮಿಷನ್ನಿನ ಮೇಲಿಂದ ಚಾದರ ಎಳೆದ ಸದ್ದು ಕೇಳಿಸಿತು.